ಗಾಜಿನ ತೊಟ್ಟಿಯೊಳಗೊಂದು ಹಳ್ಳ: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಜಿನ ತೊಟ್ಟಿಯಲ್ಲಿ ಜರಿಗಿಡ, ಹಾವಸೆ (ಮಾಸ್) ಬೆಳೆಸುವವರಿಗೆ ಒಂದಲ್ಲ ಒಂದು ದಿನ ಅದರಲ್ಲಿ ನೀರೂ ಹರಿಯಬೇಕು ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸಿ ಒಂಬತ್ತು ವರ್ಷವಾಯಿತು. ಇಷ್ಟರಲ್ಲಿ ಐದು ತೊಟ್ಟಿ ಕಟ್ಟಿದ್ದೇನೆ, ಅವುಗಳಲ್ಲಿ ಎರಡನ್ನು ಉಳಿ ಹಿಡಿದು ಒಡೆದು ತೆಗೆಯಬೇಕಾಯಿತು. ಗೆಳೆಯರು, ಅವರ ಗೆಳೆಯರು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳೆಲ್ಲ ಬೆಂಗಳೂರಿನ ಒಂದು ಬಾಡಿಗೆ ಮನೆಯ ಹಜಾರದಲ್ಲಿ, ಕೊಳವೆಬಾವಿಯ ಗಡಸು ನೀರು ಮತ್ತು ಆಗಾಗ ಹೋಗುವ ಕರೆಂಟಿನ ನಡುವೆ ಕಲಿತವು.

ವೈವೇರಿಯಂ ಎಂದರೆ ಏನು? ಅಕ್ವೇರಿಯಂಗಿಂತ ಅದು ಹೇಗೆ ಬೇರೆ?

ಗಿಡವೋ ಪ್ರಾಣಿಯೋ ತನ್ನ ಸಹಜ ನೆಲೆಯಲ್ಲಿದ್ದಂತೆ ಬದುಕಲು ಕಟ್ಟಿಕೊಡುವ ಗಾಜಿನ ಆವರಣಕ್ಕೆ ವೈವೇರಿಯಂ ಎನ್ನುತ್ತಾರೆ. ಪೂರ್ತಿ ನೀರಾದರೆ ಅಕ್ವೇರಿಯಂ, ಪೂರ್ತಿ ನೆಲವಾದರೆ ಟೆರೇರಿಯಂ, ಎರಡೂ ಸೇರಿದರೆ ಪ್ಯಾಲುಡೇರಿಯಂ. ಇಲ್ಲಿ ಹೇಳುತ್ತಿರುವುದು ಬಹುಪಾಲು ಕೊನೆಯದರ ಬಗ್ಗೆ.

ಈ ಹವ್ಯಾಸದ ಬೇರು ಲಂಡನ್ನಿನಲ್ಲಿದೆ. 1829ರಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಹೊರಗೆ ಕಲ್ಲಿದ್ದಲ ಹೊಗೆಗೆ ಸಾಯುತ್ತಿದ್ದ ಜರಿಗಿಡ ಆ ಬಾಟಲಿಯೊಳಗೆ ತಾನಾಗಿ ಮೊಳೆಯಿತು. 1833ರಲ್ಲಿ ಅವರು ಇಂಥದೇ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಹಡಗಿನ ಮೇಲೆ ಸಿಡ್ನಿಗೆ ಕಳುಹಿಸಿದರು. ಗಾಜಿನೊಳಗಿನ ತೇವ ಮೇಲೇರಿ, ಗಾಜಿಗೆ ತಾಗಿ ಹನಿಯಾಗಿ, ಮತ್ತೆ ಮಣ್ಣಿಗೆ ಇಳಿಯುತ್ತದೆ ಎಂಬುದೇ ಅದರ ಗುಟ್ಟು. ನಾವು ಪಂಪ್ ಹಾಕಿ ಮಾಡುವುದೂ ಅದೇ ಸುತ್ತನ್ನು, ಸ್ವಲ್ಪ ಬೇಗ.

ಎಷ್ಟು ದೊಡ್ಡ ತೊಟ್ಟಿ ಬೇಕು?

ಮೊದಲ ಸಲಕ್ಕೆ 60 ಸೆಂಟಿಮೀಟರ್ ಉದ್ದ, 45 ಅಗಲ, 60 ಎತ್ತರ ಸಾಕು. ಇದಕ್ಕಿಂತ ಚಿಕ್ಕದರಲ್ಲಿ ಪಂಪ್ ಮತ್ತು ಕೊಳವೆ ಅಡಗಿಸಲು ಜಾಗ ಸಾಲುವುದಿಲ್ಲ, ಕಲ್ಲುಗಳು ಆಟಿಕೆಯಂತೆ ಕಾಣುತ್ತವೆ.

ಕೊಳ್ಳುವ ಮೊದಲು ಭಾರದ ಲೆಕ್ಕ ಹಾಕಿ. ಈ ಅಳತೆಯ ತೊಟ್ಟಿಗೆ ಒಂದೂವರೆ ಚದರ ಮೀಟರ್ ಗಾಜು ಬೇಕು. 6 ಮಿಲಿಮೀಟರ್ ಗಾಜು ಚದರ ಮೀಟರಿಗೆ 15 ಕಿಲೋ ತೂಗುವುದರಿಂದ ಬರಿಯ ಗಾಜೇ ಸುಮಾರು 23 ಕಿಲೋ. ತಳದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 27 ಲೀಟರ್, ಅಂದರೆ 27 ಕಿಲೋ. ಕಲ್ಲು, ಮಣ್ಣು, ಮರದ ಬೇರು ಸೇರಿದರೆ ಒಟ್ಟು 80 ಕಿಲೋ ದಾಟುತ್ತದೆ. ಟಿ.ವಿ. ಇಡುವ ಮೇಜು ಇದನ್ನು ಹೊರುವುದಿಲ್ಲ. ಕಬ್ಬಿಣದ ಚೌಕಟ್ಟು ಮಾಡಿಸಿ, ಮೇಲೆ ದಪ್ಪ ಪ್ಲೈವುಡ್ ಹಾಕಿ, ರಸಮಟ್ಟ ಇಟ್ಟು ನೋಡಿ. ಚೌಕಟ್ಟು ಒಂದು ಕಡೆಗೆ ವಾಲಿದ್ದರೆ ನಿಮ್ಮ ಹಳ್ಳದ ನೀರೆಲ್ಲ ಒಂದೇ ದಡಕ್ಕೆ ತಾಗಿಕೊಂಡು ಹರಿಯುತ್ತದೆ, ಆಮೇಲೆ ಅದನ್ನು ಸರಿಪಡಿಸಲು ಆಗುವುದಿಲ್ಲ.

ಜಲಪಾತ ಚೆನ್ನಾಗಿರುತ್ತದೆಯೇ, ಹರಿಯುವ ತೊರೆ ಚೆನ್ನಾಗಿರುತ್ತದೆಯೇ?

ನನ್ನ ಮನಸ್ಸು ಜಿನುಗುವ ಕಲ್ಲಿನ ಕಡೆಗೇ ಹೆಚ್ಚು. ಮಳೆಗಾಲ ಮುಗಿದ ಮೇಲೆ ಘಟ್ಟದ ರಸ್ತೆಯಲ್ಲಿ ಹೋಗುವಾಗ ಪಕ್ಕದ ಧರೆಯಿಂದ ನೀರು ಒಸರುತ್ತಿರುತ್ತದೆ, ಅದು ಬಿದ್ದ ಜಾಗವೆಲ್ಲ ಜರಿಗಿಡ, ಹಾವಸೆ. ಗಾಜಿನ ತೊಟ್ಟಿಯ ಅಳತೆಗೆ ಸರಿಯಾಗಿ ಹೊಂದುವುದು ಆ ದೃಶ್ಯ. ಇದಕ್ಕೆ ಸಣ್ಣ ಪಂಪ್ ಸಾಕು, ನೀರು ಎರಚುವುದಿಲ್ಲ, ಗಿಡಗಳಿಗೆ ಬೇಕಾದ ತೇವ ತಾನಾಗಿ ಸಿಗುತ್ತದೆ.

ಜಲಪಾತವೇ ಬೇಕು ಅನ್ನುವವರು ಬೀಳುವ ಎತ್ತರವನ್ನು 10–12 ಸೆಂಟಿಮೀಟರಿಗೆ ನಿಲ್ಲಿಸಿ, ಅಂಥ ಎರಡು ಮೂರು ಮೆಟ್ಟಿಲು ಮಾಡಿ. ಅರ್ಧ ಮೀಟರಿನಿಂದ ಒಂದೇ ಏಟಿಗೆ ಬೀಳುವ ನೀರು ಮುಂದಿನ ಗಾಜನ್ನೆಲ್ಲ ಹನಿಯಿಂದ ತುಂಬಿ, ಒಣಗಿದ ಮೇಲೆ ಬಿಳಿ ಕಲೆ ಉಳಿಸುತ್ತದೆ. ಇನ್ನು ಇಳಿಜಾರಿನಲ್ಲಿ ಓಡುವ ತೊರೆಗೆ ಉದ್ದ ಬೇಕು. 90 ಸೆಂಟಿಮೀಟರಿಗಿಂತ ಚಿಕ್ಕ ತೊಟ್ಟಿಯಲ್ಲಿ ಅದು ಚರಂಡಿಯ ಹಾಗೆ ಕಾಣುವುದೇ ಹೆಚ್ಚು.

ಕೆಲಸ ಎಲ್ಲಿಂದ ಶುರು ಮಾಡಬೇಕು?

ನೀರು ಹಿಂತಿರುಗುವ ದಾರಿಯಿಂದ. ಈ ಇಡೀ ಬರಹದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದವರು ಇದನ್ನು ಓದಿದರೆ ಸಾಕು.

ನೀರು ಎಲ್ಲಿಂದ ಬೀಳಬೇಕು, ಹೇಗೆ ಹೊಳೆಯಬೇಕು ಎಂದು ಎಲ್ಲರೂ ಕನಸು ಕಾಣುತ್ತಾರೆ. ಬಿದ್ದ ನೀರು ಪಂಪಿನ ಬಾಯಿಗೆ ಹೇಗೆ ಮರಳುತ್ತದೆ, ದಾರಿಯಲ್ಲಿ ಏನೇನನ್ನು ಹೊತ್ತು ತರುತ್ತದೆ ಎಂಬುದನ್ನು ಕೊನೆಗೆ ಯೋಚಿಸುತ್ತಾರೆ. ನನ್ನ ಮೊದಲ ತೊಟ್ಟಿಯಲ್ಲಿ ಪಂಪನ್ನು ಮೂಲೆಯಲ್ಲಿಟ್ಟು, ಸುತ್ತ ಕಲ್ಲು ಜೋಡಿಸಿ, ಸಿಮೆಂಟಿನಿಂದ ಗಟ್ಟಿ ಮಾಡಿದ್ದೆ. ನೋಡಲು ಸೊಗಸಾಗಿತ್ತು. ನಾಲ್ಕನೇ ತಿಂಗಳಲ್ಲಿ ಕೊಳೆತ ಎಲೆಯೊಂದು ಪಂಪಿನ ಬಾಯಿಗೆ ಸಿಕ್ಕಿಕೊಂಡಿತು, ನೀರು ನಿಂತಿತು. ಒಂದು ಎಲೆ ತೆಗೆಯಲು ಮೂರು ದಿನ ಕುಟ್ಟಿ ಒಡೆಯಬೇಕಾಯಿತು. ಅಷ್ಟರಲ್ಲಿ ಚೆನ್ನಾಗಿ ಹಿಡಿದಿದ್ದ ಹಾವಸೆಯ ಹಾಸು ಪೂರ್ತಿ ಹಾಳಾಯಿತು.

ಅಂದಿನಿಂದ ಹೀಗೆ ಮಾಡುತ್ತೇನೆ. ತೊಟ್ಟಿಯ ಹಿಂದಿನ ಮೂಲೆಯಲ್ಲಿ ಕೈ ಇಳಿಯುವಷ್ಟು ಅಗಲದ, ತಳದಿಂದ ಮಣ್ಣಿನ ಮೇಲಿನವರೆಗೆ ಬರುವ ಒಂದು ಬಾವಿ. ದಪ್ಪ ಪಿ.ವಿ.ಸಿ. ಪೈಪಿನ ತುಂಡಿಗೆ ಕೆಳಭಾಗದಲ್ಲಿ ತೂತು ಕೊರೆದು ನಿಲ್ಲಿಸಿದರೂ ಆಯಿತು, ಅಕ್ರಿಲಿಕ್ ಹಾಳೆ ಅಂಟಿಸಿ ಗೋಡೆ ಮಾಡಿದರೂ ಆಯಿತು. ಪಂಪ್ ಆ ಬಾವಿಯೊಳಗೆ, ಪಂಪಿನ ಸುತ್ತ ಒರಟು ಸ್ಪಂಜು. ಬಾವಿಯ ಬಾಯಿಗೆ ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಬಿಡಿಯಾಗಿ ಇಟ್ಟ ಒಂದು ಜರಿಗಿಡ. ಎತ್ತಿದರೆ ಎರಡು ನಿಮಿಷದಲ್ಲಿ ಪಂಪ್ ಕೈಗೆ ಬರುತ್ತದೆ.

ನೆಲದ ಭಾಗದ ಕೆಳಗೆ ಮಣ್ಣು ನೀರಿಗೆ ತಾಗದಂತೆ ಒಂದು ಹುಸಿ ತಳ ಬೇಕು. ಅಡುಗೆಮನೆಯ ಪಾತ್ರೆ ಸೋರಿಸುವ ಪ್ಲಾಸ್ಟಿಕ್ ಬುಟ್ಟಿಗಳನ್ನು ಬೋರಲು ಹಾಕಿ, ಮೇಲೆ ಎರಡು ಪದರ ಸೊಳ್ಳೆ ಪರದೆ ಹಾಸಿ, ಅದರ ಮೇಲೆ ಮಣ್ಣು ಹಾಕಿದ ತೊಟ್ಟಿಯೊಂದು ನನ್ನ ಬಳಿ ಐದನೇ ವರ್ಷ ನಡೆಯುತ್ತಿದೆ. ಅಂಗಡಿಯಲ್ಲಿ ಸಿಗುವ ಸುಟ್ಟ ಜೇಡಿಮಣ್ಣಿನ ಗುಂಡುಗಳೂ ಒಳ್ಳೆಯವು, ಆದರೆ ಅವುಗಳ ನಡುವೆ ಸೇರಿದ ಕೆಸರನ್ನು ಹೊರತೆಗೆಯುವುದು ಕಷ್ಟ.

ಪಂಪ್ ಯಾವ ಅಳತೆಯದು ಬೇಕು?

ಡಬ್ಬದ ಮೇಲೆ ಬರೆದ ಗಂಟೆಗೆ ಇಷ್ಟು ಲೀಟರ್ ಎಂಬುದು ಎತ್ತರ ಸೊನ್ನೆ ಇದ್ದಾಗಿನ ಲೆಕ್ಕ. ಅಲ್ಲೇ ಗರಿಷ್ಠ ಎತ್ತರವನ್ನೂ ಬರೆದಿರುತ್ತಾರೆ, ಆ ಎತ್ತರದಲ್ಲಿ ಹನಿಯೂ ಬರುವುದಿಲ್ಲ. ನಡುವಿನ ಎತ್ತರಗಳಲ್ಲಿ ಹರಿವು ಕಡಿಮೆಯಾಗುತ್ತ ಹೋಗುತ್ತದೆ, ಕೊಳವೆ ಸಣ್ಣದಾದಷ್ಟು, ತಿರುವು ಹೆಚ್ಚಿದಷ್ಟು ಇನ್ನೂ ಕಡಿಮೆ.

ಹಾಗಾಗಿ ನೀವೇ ಅಳೆಯಿರಿ. ಪಂಪನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಕೊಳವೆಯ ಬಾಯಿಯನ್ನು ನಿಮ್ಮ ಜಲಪಾತದ ಎತ್ತರಕ್ಕೆ ಹಿಡಿದು, ಒಂದು ಲೀಟರಿನ ಬಾಟಲಿ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಮೊಬೈಲಿನಲ್ಲಿ ನೋಡಿ. 3600 ಅನ್ನು ಆ ಸೆಕೆಂಡುಗಳಿಂದ ಭಾಗಿಸಿ. 12 ಸೆಕೆಂಡಾದರೆ ಗಂಟೆಗೆ 300 ಲೀಟರ್. ನನ್ನ ತೊಟ್ಟಿಯಲ್ಲಿ ಅಂಗೈ ಅಗಲದ ತೆಳುವಾದ ಧಾರೆಗೆ ಇಷ್ಟು ಸಾಕಾಗಿದೆ. ಜಿನುಗುವ ಗೋಡೆಗೆ ಇದರ ಕಾಲು ಭಾಗವೂ ಬೇಡ. ಹರಿವು ತಗ್ಗಿಸುವ ಗುಂಡಿ ಇರುವ ಪಂಪನ್ನೇ ಕೊಳ್ಳಿ.

ಏರ್ ಕೂಲರಿನ ಪಂಪ್ ಅಗ್ಗವಾಗಿ ಎಲ್ಲೆಡೆ ಸಿಗುತ್ತದೆ, ಹಾಕಬಹುದೇ ಎಂದು ಬಹಳ ಜನ ಕೇಳುತ್ತಾರೆ. ನಡೆಯುತ್ತದೆ, ಆದರೆ ಬಹುತೇಕ ಇಷ್ಟು ಚಿಕ್ಕ ತೊಟ್ಟಿಗೆ ಅದರ ರಭಸ ಹೆಚ್ಚು. ವಿದ್ಯುತ್ತಿನ ಲೆಕ್ಕವನ್ನೂ ನೋಡಿ: 18 ವಾಟ್ ಪಂಪ್ ಹಗಲಿರುಳು ಓಡಿದರೆ ತಿಂಗಳಿಗೆ ಸುಮಾರು 13 ಯೂನಿಟ್, 5 ವಾಟಿನದಾದರೆ 4 ಯೂನಿಟ್ಟಿಗಿಂತ ಕಡಿಮೆ.

ನೀರು ಮುಂದಕ್ಕೆ ಬೀಳದೆ ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಹರಿಯುತ್ತದೆ. ಏನು ಮಾಡಲಿ?

ಗಾರೆ ಕೆಲಸದವರು ಕಿಟಕಿಯ ಸಜ್ಜದ ಅಡಿಯಲ್ಲಿ, ಅಂಚಿನಿಂದ ಎರಡು ಬೆರಳು ಒಳಗೆ, ಉದ್ದಕ್ಕೂ ಒಂದು ಗೀರು ಎಳೆದಿರುವುದನ್ನು ನೋಡಿದ್ದೀರಾ? ಮಳೆನೀರು ಸಜ್ಜದ ಅಡಿಗೆ ಅಂಟಿ ಗೋಡೆಗೆ ಬರದಂತೆ ಆ ಗೀರಿನ ಬಳಿ ಹನಿಯಾಗಿ ಕಳಚಿಕೊಳ್ಳಲಿ ಎಂಬ ಉಪಾಯ ಅದು. ನಿಮ್ಮ ತೊಟ್ಟಿಯಲ್ಲಿ ಆಗುತ್ತಿರುವುದೂ ಅದೇ. ಉರುಟು ಅಂಚಿನ ಕಲ್ಲಿನ ಮೇಲೆ ಬಂದ ತೆಳು ನೀರು ಅಂಚು ಸುತ್ತಿ ಅಡಿಗೆ ಹೋಗುತ್ತದೆ, ಅಲ್ಲಿಂದ ಹಿಂದಿನ ಮಣ್ಣಿಗೆ.

ಮಂಗಳೂರು ಹೆಂಚಿನ ಒಂದು ಚೂರು ತೆಗೆದುಕೊಂಡು, ಅಂಚನ್ನು ಚೂಪಾಗಿ ತಿಕ್ಕಿ, ಕಲ್ಲಿನಿಂದ ಒಂದೂವರೆ ಸೆಂಟಿಮೀಟರ್ ಮುಂದೆ ಚಾಚುವಂತೆ, ಸ್ವಲ್ಪ ಕೆಳಮುಖವಾಗಿ ಸಿಲಿಕೋನಿನಿಂದ ಅಂಟಿಸಿ. ಚೂಪಂಚಿನಿಂದ ನೀರು ಕಳಚಿಕೊಂಡು ನೇರ ಬೀಳುತ್ತದೆ. ಹೆಂಚಿನ ಮೇಲೆ ಆರು ತಿಂಗಳಲ್ಲಿ ಹಸಿರು ಹತ್ತಿ ಅದು ಅಲ್ಲಿರುವುದೇ ಗೊತ್ತಾಗುವುದಿಲ್ಲ.

ದಿನಾ ನೀರು ತುಂಬಿದರೂ ಮಟ್ಟ ಇಳಿಯುತ್ತದೆ. ಮಣ್ಣೆಲ್ಲ ಕೆಸರಾಗಿದೆ. ತೊಟ್ಟಿ ಸೋರುತ್ತಿದೆಯೇ?

ಹೊರಗೆ ಒದ್ದೆ ಇಲ್ಲದಿದ್ದರೆ ತೊಟ್ಟಿ ಸೋರುತ್ತಿಲ್ಲ. ಹಣತೆಯಲ್ಲಿ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ ನಿಮ್ಮ ಹಾವಸೆ, ತೆಂಗಿನ ನಾರು, ಮಣ್ಣು ಹಳ್ಳದ ನೀರನ್ನು ಹೀರಿ ಪಕ್ಕಕ್ಕೆ ಸಾಗಿಸುತ್ತಿವೆ. ಹಳ್ಳದ ಅಂಚು ದಾಟಿ ಒಂದೇ ಒಂದು ಎಳೆ ಹಾವಸೆ ಒಳಗೆ ಇಣುಕಿದ್ದರೂ ಸಾಕು, ಒಂದು ರಾತ್ರಿಯಲ್ಲಿ ಲೋಟದಷ್ಟು ನೀರು ಆಚೆ ಹೋಗಿರುತ್ತದೆ. ಬೇರು ಕೊಳೆಯುವುದು, ಮಣ್ಣಿನಿಂದ ಹುಳಿ ವಾಸನೆ ಬರುವುದು, ಪಂಪ್ ಒಣಗಿ ಸುಡುವುದು ಎಲ್ಲಕ್ಕೂ ಇದೇ ಮೂಲ.

ಹಳ್ಳದ ಎರಡೂ ದಡಕ್ಕೆ ನೀರು ಹೀರದ ಒಂದು ಏರಿ ಬೇಕು. ಹರಿಯುವ ನೀರಿನ ಮಟ್ಟಕ್ಕಿಂತ ಎರಡು ಸೆಂಟಿಮೀಟರ್ ಎತ್ತರಕ್ಕೆ ಅಕ್ರಿಲಿಕ್ ಪಟ್ಟಿಯನ್ನೋ ಸಿಲಿಕೋನ್ ಬಳಿದ ಕಲ್ಲುಸಾಲನ್ನೋ ನಿಲ್ಲಿಸಿ, ಮಣ್ಣು ಅದರ ಹೊರಗಡೆ ಮಾತ್ರ ಇರಲಿ. ಗದ್ದೆಗೆ ಬದು ಹಾಕುವ ಕೆಲಸವೇ ಇದು. ಆಮೇಲೆ ಬೆಳೆಯುವ ಹಾವಸೆಯನ್ನು ತಿಂಗಳಿಗೊಮ್ಮೆ ಕತ್ತರಿಯಿಂದ ಹಿಂದಕ್ಕೆ ಕತ್ತರಿಸಿ.

ಯಾವ ಕಲ್ಲು ಹಾಕಬೇಕು? ಹೇಗೆ ಜೋಡಿಸಿದರೆ ಸಹಜವಾಗಿ ಕಾಣುತ್ತದೆ?

ಮೊದಲು ಪರೀಕ್ಷೆ. ತೊಳೆದು ಒಣಗಿಸಿದ ಕಲ್ಲಿನ ಮೇಲೆ ನಿಂಬೆರಸದ ನಾಲ್ಕು ಹನಿ ಬಿಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರನ್ನು ಗಡಸು ಮಾಡುತ್ತದೆ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿ, ಅವು ಬೇಡ. ಕಗ್ಗಲ್ಲು, ಬೆಣಚು ಕಲ್ಲು ನಿರಪಾಯ. ಜಂಬಿಟ್ಟಿಗೆಯ ತೂತುಗಳಲ್ಲಿ ಹಾವಸೆ ಬಹಳ ಚೆನ್ನಾಗಿ ಹಿಡಿಯುತ್ತದೆ. ಆದರೆ ಮೆತ್ತನೆಯ ಜಂಬಿಟ್ಟಿಗೆ ನೀರಿನಲ್ಲಿ ಕರಗಿ ಕೆಂಪು ಕೆಸರು ಬಿಡುತ್ತದೆ, ಉಗುರಿನಿಂದ ಕೆರೆದರೆ ಪುಡಿಯಾಗದ ಗಟ್ಟಿ ತುಂಡನ್ನು ಆರಿಸಿ.

ಜೋಡಣೆಗೆ ನನ್ನ ಗುರು ಹಳ್ಳವೇ. ಮಳೆ ನಿಂತು ನೀರು ತಿಳಿಯಾದ ಕಾರ್ತಿಕದ ಹೊತ್ತಿನಲ್ಲಿ ಮಲೆನಾಡಿನ ಯಾವುದಾದರೂ ಸಣ್ಣ ಹಳ್ಳದ ಪಕ್ಕ ಒಂದು ಗಂಟೆ ಕುಳಿತು ನೋಡಿ. ದೊಡ್ಡ ಕಲ್ಲು ಒಂದಿದ್ದರೆ ಅದರ ಕೆಳಗಡೆಯ ಮಗ್ಗುಲಲ್ಲಿ, ರಭಸ ತಗ್ಗಿದ ಕಡೆ, ನುಣ್ಣನೆಯ ಮರಳು ಕೂತಿರುತ್ತದೆ. ಮೇಲ್ಗಡೆಯ ಮಗ್ಗುಲಿಗೆ ಎಲೆಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಹಾವಸೆ ನಟ್ಟನಡುವಿನ ಸೆಳೆತದಲ್ಲಿ ಇರುವುದಿಲ್ಲ, ಹನಿ ಸಿಡಿಯುವ ಗೆರೆಯಲ್ಲಿ ದಟ್ಟವಾಗಿರುತ್ತದೆ. ಕಲ್ಲುಗಳು ಯಾವುವೂ ನೆಲದ ಮೇಲೆ ಇಟ್ಟಂತೆ ಕಾಣುವುದಿಲ್ಲ, ಮೂರರಲ್ಲಿ ಒಂದು ಪಾಲಾದರೂ ಹೂತಿರುತ್ತವೆ. ನೀರು ಎಲ್ಲಿಂದ ಬರುತ್ತಿದೆ ಎಂಬುದು ಕಾಣುವುದೇ ಇಲ್ಲ, ಯಾವುದೋ ಬೇರಿನ ಅಡಿಯಿಂದ, ಎರಡು ಬಂಡೆಯ ಸಂದಿನಿಂದ ಹೊರಡುತ್ತದೆ.

ಇಷ್ಟನ್ನು ತೊಟ್ಟಿಗೆ ತಂದರೆ ಸಾಕು. ಒಂದೇ ಜಾತಿಯ ಕಲ್ಲು, ಮೂರು ಗಾತ್ರ, ಪದರಗಳ ಗೆರೆ ಒಂದೇ ದಿಕ್ಕಿಗೆ. ಕೊಳವೆಯ ಬಾಯಿ ಕಲ್ಲಿನ ಹಿಂದೆ ಅಡಗಲಿ. ಹಳ್ಳ ತೊಟ್ಟಿಯ ನಟ್ಟನಡುವೆ ಬೇಡ, ಮೂಲೆಯಿಂದ ಹೊರಟು ಓರೆಯಾಗಿ ಬರಲಿ. ಅಂಗಡಿಯ ಹೊಳಪು ಬಿಳಿ ಗೋಲಿಗಳನ್ನು ದಯವಿಟ್ಟು ಹಾಕಬೇಡಿ, ಯಾವ ಹಳ್ಳದಲ್ಲಿಯೂ ಅವಿಲ್ಲ.

ಕಲ್ಲಿನ ಬದಲು ಥರ್ಮೋಕೋಲ್, ಫೋಮ್, ಸಿಮೆಂಟಿನಿಂದ ಬಂಡೆ ಮಾಡಬಹುದೇ?

ಮಾಡಬಹುದು, ಭಾರವೂ ಕಡಿಮೆ. ಥರ್ಮೋಕೋಲ್ ಮತ್ತು ಫೋಮ್ ಎರಡೂ ತೇಲುವ ವಸ್ತುಗಳು, ನೀರಿನೊಳಗೆ ಬರುವ ಭಾಗವನ್ನು ಸಿಲಿಕೋನಿನಿಂದ ಗಾಜಿಗೆ ಬಲವಾಗಿ ಹಿಡಿಸಬೇಕು. ಉಬ್ಬುವ ಫೋಮ್ ಒಂದು ದಿನ ಪೂರ್ತಿ ಆರಲಿ, ಆಮೇಲೆ ಚಾಕುವಿನಿಂದ ಕೆತ್ತಿ. ಮೇಲೆ ಸಿಲಿಕೋನ್ ಬಳಿದು ತೆಂಗಿನ ನಾರಿನ ಪುಡಿ ಒತ್ತಿದರೆ ಮಣ್ಣಿನ ಧರೆಯಂತೆ ಕಾಣುತ್ತದೆ.

ಸಿಮೆಂಟ್ ಬಳಿದರೆ ಸುಣ್ಣ ಬಿಡುತ್ತದೆ, ನೀರಿನ ಕ್ಷಾರ ಏರುತ್ತದೆ. ಎರಡು ಮೂರು ವಾರ ನೀರು ತುಂಬಿ, ಎರಡು ದಿನಕ್ಕೊಮ್ಮೆ ಚೆಲ್ಲಿ, ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ ಪಟ್ಟಿಯಲ್ಲಿ ನೋಡಿ ಸರಿಯಾದ ಮೇಲೆ ಮುಂದುವರಿಯಿರಿ. ಸಿಲಿಕೋನ್ ಕೊಳ್ಳುವಾಗ ಬಚ್ಚಲುಮನೆಗೆಂದು ಬೂಷ್ಟು ತಡೆಯುವ ಔಷಧಿ ಬೆರೆಸಿದ್ದು ಬೇಡ. ಅಕ್ವೇರಿಯಂಗೆ ಎಂದು ಬರೆದಿರುವುದನ್ನೇ ತನ್ನಿ, ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ಗಿಡ ಹಾಕುವ ಮೊದಲು ಎರಡು ದಿನ ಬರಿಯ ನೀರು ಓಡಿಸಿ ನೋಡುವುದನ್ನು ತಪ್ಪಿಸಬೇಡಿ.

ಯಾವ ನೀರು ತುಂಬಬೇಕು?

ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಮೊದಲ ಮಳೆ ಛಾವಣಿ ತೊಳೆದು ಹೋದ ಮೇಲೆ ಹಿಡಿದು, ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಇಡಿ. ಇಲ್ಲವಾದರೆ ಆರ್.ಒ. ನೀರು. ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಸೇರಿಸಿರುತ್ತಾರೆ, ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಮೀನಿದ್ದರೆ ಕ್ಲೋರಿನ್ ತೆಗೆಯುವ ಹನಿಯನ್ನೂ ಹಾಕಿ.

ಕೊಳವೆಬಾವಿ ನೀರಿನಿಂದ ಗಿಡ ಸಾಯುವುದಿಲ್ಲ, ಆದರೆ ಗಾಜು, ಕಲ್ಲು ಬಿಳಿಚುತ್ತವೆ. ಆವಿಯಾಗಿ ಹೋಗುವುದು ಬರಿಯ ನೀರು, ಲವಣ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಗಡಸು ನೀರನ್ನೇ ಸುರಿದರೆ ವಾರವಾರಕ್ಕೂ ಲವಣ ಏರುತ್ತದೆ. ಕಡಿಮೆಯಾದಷ್ಟನ್ನು ತುಂಬಲಿಕ್ಕಾದರೂ ಮೆದು ನೀರು ಬಳಸಿ. ಆರ್.ಒ. ಯಂತ್ರ ಹೊರಗೆ ಬಿಡುವ ನೀರನ್ನು ಹಾಕಬೇಡಿ, ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಎ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರು ಮೆದುವೇ, ಆದರೆ ತಾಮ್ರದ ಸುರುಳಿ ಮತ್ತು ದೂಳನ್ನು ಹಾದು ಬರುವುದರಿಂದ ಜೀವಿಗಳಿರುವ ತೊಟ್ಟಿಗೆ ಬೇಡ.

ನೀರು ಚಹಾದ ಬಣ್ಣಕ್ಕೆ ತಿರುಗಿದೆ. ಕೆಟ್ಟಿತೇ?

ಇಲ್ಲ. ಮರದ ಬೇರು, ಒಣ ಎಲೆಯಿಂದ ಬಿಡುವ ಒಗರು ಅದು. ಕಾಡಿನ ಹಳ್ಳಕ್ಕೂ ಆ ಬಣ್ಣ ಇರುತ್ತದೆ. ವಾಸನೆ ಬಂದರೆ ಮಾತ್ರ ಚಿಂತೆ ಮಾಡಿ.

ಪಾಚಿ ಬೆಳೆಯುತ್ತಿಲ್ಲ ಎಂದು ಒಬ್ಬರು, ಪಾಚಿ ಹೋಗುತ್ತಿಲ್ಲ ಎಂದು ಇನ್ನೊಬ್ಬರು. ಏನಿದು?

ನಾವು ಮಾತಿನಲ್ಲಿ ಎರಡನ್ನೂ ಪಾಚಿ ಅನ್ನುತ್ತೇವೆ. ನಮಗೆ ಬೇಕಾದದ್ದು ಹಾವಸೆ: ಪುಟ್ಟ ಎಲೆ ಇರುವ, ಗೋಡೆಯ ಮೇಲೆ ಮೆತ್ತನೆಯ ಹಾಸಾಗಿ ಬೆಳೆಯುವ ಗಿಡ. ಬೇಡವಾದದ್ದು ಪಾಚಿ: ಗಾಜಿಗೆ ಅಂಟುವ, ಕಲ್ಲಿನ ಮೇಲೆ ಕೈ ಇಟ್ಟರೆ ಜಾರುವ ಲೋಳೆ ಹಸಿರು.

ಹಾವಸೆಗೆ ತೇವದ ಗಾಳಿ, ಮೆದು ನೀರಿನ ಸಿಂಪಡಣೆ, ಹದವಾದ ಬೆಳಕು, ಮುಖ್ಯವಾಗಿ ಎರಡು ಮೂರು ತಿಂಗಳ ತಾಳ್ಮೆ ಬೇಕು. ಪಾಚಿಗೆ ಬೇಕಾದದ್ದು ಹೆಚ್ಚು ಬೆಳಕು ಮತ್ತು ನೀರಿನಲ್ಲಿ ಕರಗಿದ ಗೊಬ್ಬರ. ದೀಪವನ್ನು ದಿನಕ್ಕೆ ಎಂಟು ಗಂಟೆಗೆ ಇಳಿಸಿ, ತೊಟ್ಟಿಗೆ ಬಿಸಿಲು ನೇರ ಬೀಳದಂತೆ ನೋಡಿ, ಮಣ್ಣಿಗೆ ಗೊಬ್ಬರ ಹಾಕುವುದನ್ನು ನಿಲ್ಲಿಸಿ. ಹೊಸ ತೊಟ್ಟಿಯಲ್ಲಿ ಮೊದಲ ಎರಡು ತಿಂಗಳು ಪಾಚಿ ಬಂದೇ ಬರುತ್ತದೆ.

ಹಾವಸೆಗಾಗಿ ಕಾಡಿಗೆ ಹೋಗಬೇಡಿ. ಅಭಯಾರಣ್ಯದಿಂದ ಒಂದು ಹಿಡಿ ತರುವುದೂ ಕಾನೂನಿಗೆ ವಿರುದ್ಧ, ಮತ್ತು ಆ ತಂಪಿನಲ್ಲಿ ಬೆಳೆದದ್ದು ನಮ್ಮ ಹಜಾರದ ಸೆಕೆಯಲ್ಲಿ ಉಳಿಯುವುದೂ ಕಡಿಮೆ. ಜುಲೈ ತಿಂಗಳಲ್ಲಿ ನಿಮ್ಮದೇ ಕಾಂಪೌಂಡ್ ಗೋಡೆಯ ಮೇಲೆ ಬೆಳೆದಿರುವುದು ಊರಿನ ಹವೆಗೆ ಒಗ್ಗಿರುತ್ತದೆ, ಅದನ್ನೇ ತೊಳೆದು ಹಾಕಿ.

ಯಾವ ಗಿಡಗಳು?

ನೀರಿನೊಳಗೆ, ನೀರಿನಂಚಿನಲ್ಲಿ ಕಲ್ಲಿಗೆ ಕಟ್ಟಲು ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್. ಹೊಲಿಗೆಯ ಹತ್ತಿ ದಾರದಿಂದ ಕಟ್ಟಿದರೆ ದಾರ ಕೊಳೆಯುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಗೋಡೆಗೆ ಹಬ್ಬಲು ಫೈಕಸ್ ಪುಮಿಲಾ, ನೆಲಕ್ಕೆ ಫಿಟ್ಟೋನಿಯಾ, ಸೆಲಾಜಿನೆಲ್ಲಾ. ಮನಿ ಪ್ಲಾಂಟ್ ಬಗ್ಗೆ ಕೀಳಾಗಿ ಮಾತಾಡುವವರಿದ್ದಾರೆ, ನನಗೆ ಅದರ ಮೇಲೆ ಗೌರವ. ಅದರ ಬೇರನ್ನು ಪಂಪಿನ ಬಾವಿಗೆ ಇಳಿಬಿಟ್ಟರೆ ನೀರಿನ ಗೊಬ್ಬರವನ್ನೆಲ್ಲ ಎಳೆದುಕೊಂಡು ಪಾಚಿಗೆ ಏನೂ ಉಳಿಸುವುದಿಲ್ಲ.

ಬೆಳಕು ಚೆನ್ನಾಗಿದ್ದರೆ ಅಂಚಿನ ಕೆಸರಿಗೆ ಒಂದೆಲಗ ಹಾಕಿ. ಕರಾವಳಿಯವರು ತಿಮರೆ ಎಂದು ಚಟ್ನಿ ಮಾಡುವ ಅದೇ ಗಿಡ. ತೋಡಿನಂಚಿನಲ್ಲಿ ಹಬ್ಬುವುದು ಅದರ ಹುಟ್ಟುಗುಣ, ಇಲ್ಲಿಯೂ ಹಾಗೆಯೇ ದಡ ಹಿಡಿದು ಸಾಗುತ್ತದೆ.

ಸೊಳ್ಳೆ ಆಗುವುದಿಲ್ಲವೇ? ಮನೆಯಲ್ಲಿ ಮಕ್ಕಳಿದ್ದಾರೆ.

ಸರಿಯಾದ ಭಯ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರದಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ, ಅದಕ್ಕೆ ಬಾಟಲಿಯ ಮುಚ್ಚಳದಷ್ಟು ನಿಂತ ನೀರು ಸಾಕು. ಹರಿಯುವ ನೀರಿನಲ್ಲಿ ಅದು ಮೊಟ್ಟೆ ಇಡುವುದು ಕಡಿಮೆ. ಕಷ್ಟ ಇರುವುದು ಹರಿವು ತಲುಪದ ಮೂಲೆಗಳಲ್ಲಿ ಮತ್ತು ಹುಸಿ ತಳದ ಕೆಳಗೆ. ಅದಕ್ಕೇ ತೊಟ್ಟಿಯ ಗಾಳಿಗಂಡಿಗಳಿಗೆಲ್ಲ ಸಣ್ಣ ಕಣ್ಣಿನ ಜಾಲರಿ ಅಂಟಿಸಿ, ಬಾಗಿಲಿನ ಸಂದು ಮುಚ್ಚಿ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಮೂಲೆಗಳನ್ನು ನೋಡಿ. ಎರಡು ಗಪ್ಪಿ ಮೀನಿದ್ದರೆ ಲಾರ್ವಾಗಳ ಚಿಂತೆ ಬಹುಪಾಲು ಮುಗಿಯಿತು, ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದೂ ಇದನ್ನೇ.

ನಮ್ಮ ತೋಟದ ಕಪ್ಪೆಗಳನ್ನು ತಂದು ಬಿಡಬಹುದೇ?

ಬೇಡ. ಈ ಪ್ರಶ್ನೆಗೆ ನಾನು ಯಾವಾಗಲೂ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕುಣಿಯುವ ಕಪ್ಪೆ ಎಂಬುದಿದೆ. ಹರಿಯುವ ನೀರಿನ ಭೋರಿನಲ್ಲಿ ಕೂಗು ಮಾತ್ರ ಸಾಲದು ಎಂದು ಗಂಡು ಕಪ್ಪೆ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಬಾವುಟದ ಹಾಗೆ ಬೀಸುತ್ತದೆ. ಅವುಗಳಲ್ಲಿ ಒಂದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲಿ ಅದನ್ನು ವಿವರಿಸಿದರು. 2014ರಲ್ಲಿ ಒಂದೇ ಸಲಕ್ಕೆ ಈ ಕುಲದ 14 ಹೊಸ ಪ್ರಭೇದಗಳು ಬೆಳಕಿಗೆ ಬಂದವು. ಅದೇ ವರ್ಷ ಉತ್ತರ ಕನ್ನಡದ ಕತ್ತಲೆಕಾನಿನಿಂದ ಇನ್ನೊಂದು ಕಪ್ಪೆಯನ್ನು ವಿವರಿಸಿದರು. ಅದರ ಗಂಡು ಹಳ್ಳದ ತಳದಿಂದ ಕೈತುಂಬ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದಕ್ಕೇ ವೈಜ್ಞಾನಿಕ ಹೆಸರಿನಲ್ಲಿಯೂ 'ಕುಂಬಾರ' ಎಂಬ ಕನ್ನಡ ಪದ ಸೇರಿದೆ.

ಈ ಜೀವಿಗಳಿಗೆ ಬೇಕಾದ ತಂಪು, ರಭಸ, ಕೀಟಗಳ ಬಗೆಬಗೆಯ ಊಟ ಯಾವುದನ್ನೂ ಗಾಜಿನೊಳಗೆ ನಾವು ಕೊಡಲಾರೆವು. ತೋಟದ ಸಾಮಾನ್ಯ ಕಪ್ಪೆಯೂ ಗಾಜಿಗೆ ಮೂಗು ಉಜ್ಜಿಕೊಂಡು ಗಾಯ ಮಾಡಿಕೊಳ್ಳುತ್ತದೆ, ಉಪವಾಸ ಬೀಳುತ್ತದೆ. ಕಾನೂನೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಯನ್ನು ಹಿಡಿದು ಸಾಕುವುದು ಅಪರಾಧ, ನಕ್ಷತ್ರ ಆಮೆ ಅದರ ಮೊದಲ ಪಟ್ಟಿಯಲ್ಲೇ ಇದೆ. ವಿದೇಶದ ಬಣ್ಣಬಣ್ಣದ ವಿಷಕಪ್ಪೆಗಳು ಸೈಟಿಸ್ ಎಂಬ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಿಂದ ಅಂಥವನ್ನು ಇಟ್ಟುಕೊಳ್ಳಲು ನೋಂದಣಿ ಬೇಕು. ಕಾಗದಪತ್ರವಿಲ್ಲದೆ ಮಾರುವವರಿಂದ ಕೊಳ್ಳಬೇಡಿ.

ಹಾಗಾದರೆ ಯಾವ ಜೀವಿ ಬಿಡಬಹುದು?

20 ಲೀಟರಿನಷ್ಟು ನೀರಿಗೆ ಪುಟ್ಟ ಸಿಗಡಿಗಳು ಬಹಳ ಚೆಂದ. ಅಥವಾ ಐದಾರು ಗಂಡು ಗಪ್ಪಿ, ಹೆಣ್ಣು ಸೇರಿದರೆ ಮೂರೇ ತಿಂಗಳಲ್ಲಿ ಜಾಗ ಸಾಲದು. ಫೈಟರ್ ಮೀನಿಗೆ ಹರಿವು ಹಿಡಿಸುವುದಿಲ್ಲ.

ನೀರು ತುಂಬಿದ ದಿನವೇ ಮೀನು ಬಿಡಬೇಡಿ. ಮೀನಿನ ಕಸದಿಂದ ಬರುವ ಅಮೋನಿಯಾ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ನೆಲೆಸಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಳೆಯ ಅಕ್ವೇರಿಯಂ ಇರುವ ಗೆಳೆಯರಿಂದ ಬಳಸಿದ ಸ್ಪಂಜಿನ ತುಂಡು ತಂದರೆ ಬೇಗ ಆಗುತ್ತದೆ.

ಕರೆಂಟ್ ಹೋದರೆ ಏನಾಗುತ್ತದೆ? ಶಾಕ್ ಹೊಡೆಯುವುದಿಲ್ಲವೇ?

ಕರೆಂಟ್ ಹೋದೊಡನೆ ಮೇಲಿನ ಗುಂಡಿಗಳ ನೀರೆಲ್ಲ ಕೆಳಗಿಳಿಯುತ್ತದೆ. ಕೊಳವೆಯ ಬಾಯಿ ಮೇಲಿನ ಗುಂಡಿಯಲ್ಲಿ ಮುಳುಗಿದ್ದರೆ ಆ ಗುಂಡಿಯೇ ಪಂಪಿನ ಮೂಲಕ ಹಿಂದಕ್ಕೆ ಬರಿದಾಗುತ್ತದೆ. ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರಲಿ. ಪಂಪ್ ನಿಲ್ಲಿಸಿ ನೀರೆಲ್ಲ ಇಳಿದ ಮೇಲೆ ಕೆಳಗಿನ ಮಟ್ಟ ಎಲ್ಲಿಗೆ ಬಂತು ಎಂದು ಗಾಜಿನ ಮೇಲೆ ಗುರುತು ಮಾಡಿ, ಮಣ್ಣಿನ ತಳ ಅದಕ್ಕಿಂತ ಮೇಲಿರಬೇಕು. ಓಡುತ್ತಿರುವಾಗಿನ ಕನಿಷ್ಠ ಮಟ್ಟಕ್ಕೂ ಇನ್ನೊಂದು ಗೆರೆ ಎಳೆಯಿರಿ. ನೀರು ಅದಕ್ಕಿಂತ ಇಳಿದರೆ ಪಂಪ್ ಸುಡುತ್ತದೆ. ಎರಡು ಮೂರು ಗಂಟೆ ಕರೆಂಟ್ ಇಲ್ಲದಿದ್ದರೆ ಗಿಡಕ್ಕೂ ಮೀನಿಗೂ ತೊಂದರೆ ಇಲ್ಲ.

ಸುರಕ್ಷತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ತಾನಾಗಿ ಆಫ್ ಆಗುವ ಸ್ವಿಚ್ಚು) ಇರುವ ಸಾಕೆಟ್ಟಿಗೇ ಜೋಡಿಸಿ. ತಂತಿ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಕ್ಕೆ ಜೋತು ಮೇಲೇರುವಂತೆ ಬಿಡಿ, ತಂತಿ ಹಿಡಿದು ಬಂದ ನೀರು ಆ ತಗ್ಗಿನಲ್ಲಿ ಹನಿದು ಬೀಳುತ್ತದೆ. ತೊಟ್ಟಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ, ಪ್ರತಿ ಸಲವೂ.

ಮಂಜು ಬರಿಸುವ ಯಂತ್ರ ಹಾಕಲೇ?

ಅತಿಥಿಗಳು ಬಂದಾಗ ಹತ್ತು ನಿಮಿಷ ಚೆನ್ನಾಗಿರುತ್ತದೆ. ಗಡಸು ನೀರಾದರೆ ಎಲೆಗಳ ಮೇಲೆಲ್ಲ ಬಿಳಿ ಪುಡಿ ಕೂರುತ್ತದೆ. ನಾನು ತೆಗೆದಿಟ್ಟಿದ್ದೇನೆ.

ಪಂಪಿನ ಗುಂಯ್ ಸದ್ದು ನಿದ್ದೆ ಕೆಡಿಸುತ್ತಿದೆ.

ಪಂಪ್ ಗಾಜಿಗೆ ತಾಗಿದ್ದರೆ ತೊಟ್ಟಿಯೇ ತಂಬೂರಿಯ ಬುರುಡೆಯಂತೆ ಸದ್ದು ಹಿಗ್ಗಿಸುತ್ತದೆ. ಕೆಳಗೆ ಒಂದು ತುಂಡು ಸ್ಪಂಜು ಇಟ್ಟು, ಕೊಳವೆಯೂ ಗಾಜಿಗೆ ತಾಗದಂತೆ ನೋಡಿ. ನೀರು ಬೀಳುವ ಜಾಗಕ್ಕೆ ಒಂದು ಓರೆ ಕಲ್ಲು ಕೊಟ್ಟರೆ ಚಟಪಟ ಹೋಗಿ ಸಣ್ಣ ಜುಳುಜುಳು ಉಳಿಯುತ್ತದೆ.

ವಾರದ ಕೆಲಸ ಎಷ್ಟು?

ಅರ್ಧ ಗಂಟೆ. ಮೀನಿದ್ದರೆ ನಾಲ್ಕರಲ್ಲಿ ಒಂದು ಪಾಲು ನೀರು ಬದಲಿಸಿ, ಒಳಗಿನ ಗಾಜು ಒರೆಸಿ, ಕೊಳೆತ ಎಲೆ ಹೆಕ್ಕಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ, ನಲ್ಲಿಯ ಕ್ಲೋರಿನ್ ನೀರು ಬಿದ್ದರೆ ಆರು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತದೆ.

ಹಬ್ಬಕ್ಕೆ ಹತ್ತು ದಿನ ಊರಿಗೆ ಹೋಗಬೇಕು. ತೊಟ್ಟಿ ಏನು ಮಾಡಲಿ?

ಹೊರಡುವ ಹಿಂದಿನ ದಿನ ಪಂಪ್ ನಿಲ್ಲಿಸಿ, ನೀರೆಲ್ಲ ಕೆಳಗಿಳಿದ ಮೇಲೆ, ಆಗಿನ ಮಟ್ಟಕ್ಕೆ ಮಾಡಿದ್ದ ಗುರುತಿನವರೆಗೆ ತುಂಬಿ, ಮತ್ತೆ ಪಂಪ್ ಓಡಿಸಿ, ಸ್ಪಂಜು ತೊಳೆದು, ದೀಪವನ್ನು ಟೈಮರಿಗೆ ಹಾಕಿ ಆರು ಗಂಟೆಗೆ ಇಳಿಸಿ. ಮೇಲಿನ ಗಾಳಿಗಂಡಿಯನ್ನು ಅರ್ಧ ಮುಚ್ಚಿದರೆ ಆವಿ ಹೋಗುವುದು ಕಡಿಮೆಯಾಗುತ್ತದೆ. ಬಲಿತ ಮೀನುಗಳು ಹತ್ತು ದಿನ ಉಪವಾಸ ತಾಳುತ್ತವೆ, ಸಿಗಡಿಗಳು ಪಾಚಿ ತಿಂದುಕೊಂಡಿರುತ್ತವೆ. ಪಕ್ಕದ ಮನೆಯವರಿಗೆ ಊಟ ಹಾಕುವ ಕೆಲಸ ಒಪ್ಪಿಸಬೇಡಿ, ಪ್ರೀತಿಯಿಂದ ಹೆಚ್ಚು ಹಾಕಿ ನೀರು ಕೆಡಿಸುತ್ತಾರೆ. ಅವರ ಕೈಗೆ ಒಂದು ಲೀಟರಿನ ಎರಡು ಬಾಟಲಿ ಮಳೆನೀರು ಕೊಟ್ಟು, ಗಾಜಿಗೆ ಎಳೆದ ಕನಿಷ್ಠ ಮಟ್ಟದ ಗೆರೆಯನ್ನು ತೋರಿಸಿ, ನೀರು ಇದಕ್ಕಿಂತ ಇಳಿದರೆ ಮಾತ್ರ ಹಾಕಿ ಎಂದು ಹೇಳಿ ಹೊರಡಿ.